ಅಂಜಲ್ ಮೀನಿನ ಹಲ್ಲು ನೋಡಿದ ಮಾವ

ಮೀನಿನ ಬಾಯಿ ಅಗಲಿಸಿ ಹಲ್ಲು ನೋಡಿದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿದ್ದಷ್ಟೇ ಅಲ್ಲ, ಅವರ ಮನೆಯಲ್ಲೇ ಬೆಳೆದಿದ್ದೇನೆ! ಅವರು ನನ್ನ ಸೋದರಮಾವ, ಮಾಡದಕೆರೆ ಕಡೆಯವರು, ಕುರಿ ಸಾಕುವವರು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಪ್ಪ ತೀರಿಕೊಂಡರು. ಮಾವ ಬಂದು ಅಮ್ಮನನ್ನೂ ನನ್ನನ್ನೂ ತಮ್ಮ ಮನೆಗೆ ಕರೆದುಕೊಂಡು ಹೋದರು. ಅಂದಿನಿಂದ ನನ್ನ ಫೀಸು, ನನ್ನ ಜ್ವರ, ನನ್ನ ಜಡೆಯ ರಿಬ್ಬನ್ನು ಎಲ್ಲವೂ ಅವರದೇ ಉಸ್ತುವಾರಿ. ರಿಬ್ಬನ್ನಿನ ಬಣ್ಣ ಯಾವಾಗಲೂ ಕುರಿಗೆ ಗುರುತು ಬಳಿಯುವ ಕೆಂಪೇ ಆಗಿರುತ್ತಿತ್ತು ಅನ್ನುವುದು ಬೇರೆ ಮಾತು.

ಮಾವನ ಲೋಕದಲ್ಲಿ ಇರುವುದು ಎರಡೇ: ಕುರಿ ಮತ್ತು ರಾಗಿ ಮುದ್ದೆ. ಮದುವೆಯೂಟಕ್ಕೆ ಹೋದರೂ ಚೀಲದಲ್ಲಿ ಸ್ಟೀಲ್ ಡಬ್ಬಿ, ಡಬ್ಬಿಯಲ್ಲಿ ಎರಡು ಮುದ್ದೆ. ಅನ್ನ ಬಡಿಸಲು ಬಂದವರಿಗೆ, "ಅದ್ನ ಹುಷಾರಿಲ್ದೋರಿಗೆ ಹಾಕಪ್ಪ" ಅನ್ನುತ್ತಾರೆ. ಮುದ್ದೆ ಅಗಿಯುವವರನ್ನು ಕಂಡರಂತೂ ಅವರಿಗೆ ಕನಿಕರ. ಮುರಿಯಬೇಕು, ಸಾರಿನಲ್ಲಿ ಹೊರಳಿಸಬೇಕು, ನುಂಗಬೇಕು. ಹಲ್ಲಿಗೆ ಅಲ್ಲೇನು ಕೆಲಸ? ಒಮ್ಮೆ ದಾವಣಗೆರೆಯಲ್ಲಿ ಬೆಣ್ಣೆದೋಸೆ ಕೊಡಿಸಿದೆ. ಅದನ್ನೂ ಉಂಡೆ ಕಟ್ಟಿ ನುಂಗಿ, "ಚೆನ್ನಾಗೈತೆ, ಆದ್ರೆ ಗಂಟ್ಲು ಕೆರೀತು" ಅಂದರು!

ಇಂಥವರ ಮುಂದೆ ನಿಂತು ನಾನು, ಹೊಸದುರ್ಗದ ಹೈಸ್ಕೂಲಿನಲ್ಲಿ ನನ್ನ ಜೊತೆ ಪಾಠ ಮಾಡುವ ಗಂಗೊಳ್ಳಿಯ ಮೇಷ್ಟ್ರನ್ನು ಮದುವೆಯಾಗುತ್ತೇನೆ ಅಂದೆ.

"ಮನೆಯೋರು ಏನ್ ಮಾಡ್ತಾರೆ?"

"ಮೀನು ಹಿಡೀತಾರೆ ಮಾವ."

"ಯಾರು ಸಾಕಿದ ಮೀನು?"

"ಯಾರೂ ಸಾಕಲ್ಲ ಮಾವ, ಸಮುದ್ರದಾಗೆ ಇರ್ತವೆ."

"ಸಾಕಲ್ಲ, ಮೇಯ್ಸಲ್ಲ, ಕಾಯಲ್ಲ, ಸುಮ್ನೆ ಹಿಡ್ಕಂಡ್ ಬರ್ತಾರೆ! ನಮ್ ಕಡೆ ಅದಕ್ಕೆ ಕಳ್ತನ ಅಂತಾರೆ ಕಣೇ!"

ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ನಮ್ಮಲ್ಲಿ ಸೋದರಮಾವ ಹೂಂ ಅನ್ನದೆ ಹೆಣ್ಣಿನ ಮದುವೆ ಇಲ್ಲ. ಅದರಲ್ಲೂ ಸಾಕಿದ ಮಾವ! ಅವರು ಊಹೂಂ ಅಂದಿದ್ದರೆ ನಾನು ಮೇಷ್ಟ್ರ ಆಸೆ ಬಿಟ್ಟುಬಿಡುತ್ತಿದ್ದೆ, ಬಿಟ್ಟು ಒಳಗೊಳಗೇ ಕೊರಗುತ್ತಿದ್ದೆ. ಒಂದು ವಾರ ಸತಾಯಿಸಿ ಮಾವ, "ಆ ಹುಡುಗನ ಅವ್ವನ್ನ ಕರ್ಸು. ಜೊತೆಗೆ ಕುಂತು ಉಣ್ಣಾಣ. ಆಮೇಲೆ ಹೇಳ್ತೀನಿ" ಅಂದರು.

ಹುಡುಗನ ತಾಯಿ ಬಸ್ಸಿನಲ್ಲಿ ಘಟ್ಟ ಹತ್ತಿ ಬಂದರು. ಅವರು, ಮೇಷ್ಟ್ರು, ಮಾವ, ನಾನು ಭೇಟಿಯಾಗಿದ್ದು ಚಿತ್ರದುರ್ಗದ ಹೈವೇ ಪಕ್ಕದ ಒಂದು ಕರಾವಳಿ ಹೋಟೆಲಿನಲ್ಲಿ. ಗೋಡೆಗೆ ಬಲೆ, ಬಾಗಿಲ ಮೇಲೆ ದೋಣಿಯ ಹುಟ್ಟು, ಕಿಟಕಿಯಾಚೆ ಬಂಡೆ, ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರ. ಸಮುದ್ರ ಒಂದು ಬಿಟ್ಟು ಉಳಿದದ್ದೆಲ್ಲ ಇತ್ತು! ಯಾರಿಗೂ ಅವಸರವಿಲ್ಲ. ಪಕ್ಕದ ಟೇಬಲ್ಲಿನವರು ಚಪ್ಪಲಿ ಬಿಟ್ಟು, ಕುರ್ಚಿಯ ಮೇಲೇ ಚಕ್ಕಂಬಕ್ಕಳ ಹಾಕಿ ನೀರುದೋಸೆ ತಿನ್ನುತ್ತಿದ್ದರು.

ಕೂತ ಎರಡೇ ನಿಮಿಷಕ್ಕೆ ಮಾವ ಮಾಯ! ಅಡುಗೆಮನೆಯಿಂದ ಅವರ ದನಿ ಕೇಳಿ ಓಡಿದೆ. ಐಸಿನ ಮೇಲೆ ಮಲಗಿದ್ದ ದೊಡ್ಡ ಅಂಜಲ್ ಮೀನಿನ ಬಾಯಿಯನ್ನು ಎರಡು ಬೆರಳಿನಿಂದ ಅಗಲಿಸಿ ಒಳಗೆ ಇಣುಕುತ್ತಿದ್ದರು. ಸಂತೆಯಲ್ಲಿ ಕುರಿಯ ವಯಸ್ಸು ಪರೀಕ್ಷೆ ಮಾಡುವುದು ಹೀಗೇ ತಾನೆ?

"ಏನಪ್ಪ, ಬಾಯ್ತುಂಬ ಹಲ್ಲವೆ! ಮುದಿ ಮಾಲು ಇದು, ಬೇಯಲ್ಲ. ಎರಡು ಹಲ್ಲಿನ ಎಳೇದು ಇದ್ರೆ ತೋರ್ಸು!"

ಅಡುಗೆಯವರು ಸೌಟು ಕೆಳಗಿಟ್ಟು ಐಸಿನಲ್ಲಿ ಬೇರೆ ಮೀನು ಹುಡುಕತೊಡಗಿದರು. ಅಷ್ಟರಲ್ಲಿ ನನ್ನ ಹಿಂದಿನಿಂದ ಹುಡುಗನ ತಾಯಿ ಸೆರಗು ಸಿಕ್ಕಿಸಿಕೊಂಡು ಬಂದರು. ಮುಗಿಯಿತು ನನ್ನ ಮದುವೆ ಅಂದುಕೊಂಡೆ. ಅವರು ಮೀನನ್ನು ತಮ್ಮತ್ತ ಎಳೆದುಕೊಂಡು, "ಹಲ್ಲ್ ಕಂಡ್ರೆ ಎಂತ ಗೊತ್ತಾತ್ತ್? ಕಿವಿ ಎತ್ತಿ ಕಾಣಿ" ಅಂತ ಕಿವಿರು ಎತ್ತಿ ತೋರಿಸಿದರು. "ಕೆಂಪ್ ಇದ್ರೆ ತಾಜಾ. ಇದ್ ಕಪ್ಪಾಯ್ತ್, ಬ್ಯಾಡ. ಬಂಗ್ಡಿ ಅಡ್ಡಿಲ್ಲೆ." ಮಾವ ತಾವೂ ಬಗ್ಗಿ ನೋಡಿದರು, ಗೋಣು ಹಾಕಿದರು. ಮಾಲು ನೋಡಲು ಬಲ್ಲವರನ್ನು ಕಂಡರೆ ಮಾವನಿಗೆ ಯಾವಾಗಲೂ ಗೌರವ.

ಬಂಗುಡೆ ಮೀನಿನ ಗಸಿ, ಅಂದರೆ ಮಂದನೆಯ ಸಾರು, ಬಂತು. ಮಾವ ಡಬ್ಬಿ ತೆಗೆದರು. ಮುದ್ದೆ ಮುರಿದು, ಮೀನಿನ ಒಂದು ತುಂಡನ್ನು ಹಾಗೇ ಅದರೊಳಗೆ ಸೇರಿಸಿ, ಕೆಂಪು ಗಸಿಯಲ್ಲಿ ಹೊರಳಿಸಿದರು. ಹುಡುಗನ ತಾಯಿ "ಮುಳ್ಳ್! ಮುಳ್ಳ್!" ಅಂತ ಕೂಗುವಷ್ಟರಲ್ಲಿ ಅದು ಗಂಟಲಿಗೆ ಇಳಿದಾಗಿತ್ತು. ಕಣ್ಣು ಕೆಂಪಾಯಿತು, ಮೀಸೆ ಅದುರಿತು, ಕೈ ಕುತ್ತಿಗೆಗೆ ಹೋಯಿತು. ಮೇಷ್ಟ್ರು ನೀರು ತಂದರು. ತಾಯಿ ಕುಚ್ಚಲಕ್ಕಿ ಅನ್ನದ ಉಂಡೆ ಕಟ್ಟಿ, "ಅಗಿಬ್ಯಾಡಿ, ನುಂಗಿ" ಅಂದರು. ಈ ಉಪದೇಶ ನಮ್ಮ ಮಾವನಿಗೆ! ಆ ಸಂಕಟದಲ್ಲೂ ಅವರು ಅನ್ನ ಕಂಡು ಮುಖ ತಿರುಗಿಸಿ, ಉಳಿದ ಮುದ್ದೆಯಲ್ಲಿ ನಿಂಬೆಹಣ್ಣಿನಷ್ಟು ಮುರಿದು ಗುಳುಂ ಅನ್ನಿಸಿದರು. ಮುಳ್ಳು ಇಳಿಯಿತು.

"ನೋಡ್ರಮ್ಮ, ಔಷ್ದಿ ನಮ್ದೇ!" ಅಂದರು ಉಸಿರು ಬಿಡುತ್ತ.

"ಸೀಕೂ ನಿಮ್ದೇ ಅಲ್ದಾ?" ಅಂದರು ಆಕೆ.

ಎಲ್ಲರೂ ನಕ್ಕೆವು. ಮಾವ ಮಾತ್ರ ನಗಲಿಲ್ಲ. ತಟ್ಟೆಯನ್ನು ಆಕೆಯತ್ತ ಸರಿಸಿ, "ಮುಳ್ಳು ಹೆಂಗ್ ಬಿಡ್ಸಾದು, ತೋರ್ಸ್ರಿ" ಅಂದರು. ಆಕೆ ಬೆನ್ನಿನ ಉದ್ದಕ್ಕೂ ಬೆರಳು ಆಡಿಸಿ ನಡುಮುಳ್ಳನ್ನು ಪೂರ್ತಿ ಎತ್ತಿ ತೋರಿಸಿದರು. ಮಾವ ಇನ್ನೊಂದು ಮೀನು ತೆಗೆದುಕೊಂಡರು. ಉಣ್ಣೆ ಕತ್ತರಿಸಿ ಕತ್ತರಿಸಿ ದಪ್ಪಗಾದ ಬೆರಳು. ಮೀನು ಪುಡಿಪುಡಿಯಾಯಿತು. ಆದರೂ ಬಿಡದೆ ಒಂದೊಂದೇ ಮುಳ್ಳು ಹೆಕ್ಕಿ ತಟ್ಟೆಯ ಅಂಚಿಗಿಡುತ್ತ, ತಲೆ ಎತ್ತದೆ ಹೇಳಿದರು:

"ನಮ್ ಹುಡುಗೀಗೆ ಇದು ಬರಲ್ಲಮ್ಮ. ನಿಮ್ಮನೆಗೆ ಬಂದ್ರೆ ನನ್ನಂಗೇ ನುಂಗಿಬಿಡ್ತಾಳೆ. ನಾನೇನೋ ಊರಿಗೆಲ್ಲ ಕೇಳಂಗೆ ಕೂಗ್ತೀನಿ. ಇವ್ಳು ಬಾಯೇ ಬಿಡಲ್ಲ. ಕಾಲೇಜ್ ಓದುವಾಗ ಹಾಸ್ಟ್ಲಾಗೆ ಜ್ವರ ಬಂದು ಮಲಗಿದ್ರೂ ಫೋನ್ನಾಗೆ 'ಚೆನ್ನಾಗಿದೀನಿ ಮಾವ' ಅಂತಿದ್ಲು. ಒಸಿ ನೋಡ್ಕಳ್ರಿ."

ಆ ಜ್ವರದ ಸುದ್ದಿ ನಾನು ಯಾರಿಗೂ ಹೇಳಿರಲಿಲ್ಲ. ಮಾವನಿಗೆ ಗೊತ್ತಿತ್ತೆ?

"ನಾ ಬಿಡ್ಸಿ ಕೊಡ್ತೆ, ನೀವ್ ಹೆದ್ರಬ್ಯಾಡಿ" ಅಂದರು ಆಕೆ, ಮೆಲ್ಲಗೆ.

ಮಾವ ಆ ಪುಡಿ ಮೀನನ್ನೆಲ್ಲ ಬಳಿದು ನನ್ನ ತಟ್ಟೆಗೆ ಹಾಕಿದರು. ಬಾಯಿಗಿಟ್ಟೆ. ಒಂದೇ ಒಂದು ಮುಳ್ಳೂ ಇರಲಿಲ್ಲ. ಆ ಹೋಟೆಲಿನಲ್ಲಿ, ಎಲ್ಲರೆದುರಿಗೆ, ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಮಾವನಿಗೆ ಗಾಬರಿಯಾಯಿತು. "ಅಯ್ಯೋ, ಒಂದು ಉಳ್ಕಂಡಿತ್ತೇನೆ?" ಅನ್ನುತ್ತ ನನ್ನ ತಟ್ಟೆಯನ್ನು ತಮ್ಮತ್ತ ಎಳೆದುಕೊಂಡು, ಮತ್ತೆ ಮೊದಲಿನಿಂದ ಹುಡುಕತೊಡಗಿದರು.