ನಾಲ್ಕು ಮೂಲೆಯ ರಾಕ್ ಹಾಡು

ಊರನ್ನೇ ನಡುಗಿಸದೆ ಗಿಟಾರ್ ಕೆಳಗಿಡುವುದಿಲ್ಲ ಎಂದು ಪುಟ್ಟ ಪ್ರತಿಜ್ಞೆ ಮಾಡಿದ್ದು ಒಂದು ಭಾನುವಾರ ಬೆಳಿಗ್ಗೆ, ಅಕ್ಕನ ಮನೆಯ ಹಜಾರದಲ್ಲಿ, ಬನಿಯನ್ ತೊಟ್ಟು ಕನ್ನಡಿಯ ಮುಂದೆ ನಿಂತು. ಪ್ರತಿಜ್ಞೆಯ ಉಳಿದ ಭಾಗವೂ ಸಣ್ಣದೇನಲ್ಲ. ಅವನು ಒಂದು ರಾಕ್ ಬ್ಯಾಂಡ್ ಕಟ್ಟುತ್ತಾನೆ. ಅದಕ್ಕೆ ಅವನೇ ನಾಯಕ. ಅವನು ವೇದಿಕೆ ಹತ್ತಿದರೆ ಜನ ಕುರ್ಚಿ ಬಿಟ್ಟು ಏಳಬೇಕು. ಅಲ್ಲಿಂದ ಮುಂದೆ ಯಾರೂ, ಸ್ವಂತ ಅಕ್ಕ ಕೂಡ, ಅವನನ್ನು ಪುಟ್ಟ ಎಂದು ಕರೆಯಕೂಡದು!

"ಜನ ಕುರ್ಚಿ ಬಿಟ್ಟು ಏಳೋದು ಗ್ಯಾರಂಟಿ," ಎಂದಳು ಅಕ್ಕ, ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತದೆ. "ಎದ್ದು ಯಾವ ಕಡೆ ಹೋಗ್ತಾರೆ ಅನ್ನೋದೇ ಪ್ರಶ್ನೆ."

ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಕೂತು ಫ್ರೇಮುಗಳ ಪುಟಾಣಿ ಸ್ಕ್ರೂ ಬಿಗಿ ಮಾಡುವುದು ಪುಟ್ಟನ ಉದ್ಯೋಗ. ಇದರಿಂದ ತನ್ನ ಬೆರಳುಗಳಿಗೆ ಬೇರೆ ಯಾವ ಗಿಟಾರ್ ವಾದಕನಿಗೂ ಇಲ್ಲದ ಸೂಕ್ಷ್ಮತೆ ಬಂದಿದೆ ಎಂಬುದು ಅವನ ಸಿದ್ಧಾಂತ. ಸಂಜೆ ಮನೆಗೆ ಬಂದವನೇ ಹಜಾರದ ಮೂಲೆಯ ಸ್ಟೂಲಿನ ಮೇಲೆ ಕೂತು ಅಭ್ಯಾಸ ಶುರುಮಾಡುತ್ತಿದ್ದ. ಎದುರಿಗೆ ಕಿಟಕಿಯ ಕೆಳಗೆ ಅಕ್ಕನ ಸಾಮ್ರಾಜ್ಯ. ಕಾಲಲ್ಲಿ ತುಳಿಯುವ ಹಳೆಯ ಮೆಷಿನ್, ಅದರ ಸುತ್ತ ಪರದೆ, ದಿಂಬಿನ ಕವರು, ಶಾಲಾ ಯೂನಿಫಾರಮ್ಮುಗಳ ರಾಶಿ. ಮನೆಯಲ್ಲಿ ಇದ್ದದ್ದು ಅದೊಂದೇ ಹಜಾರ. ಹಾಗಾಗಿ ಪುಟ್ಟ ಗಿಟಾರ್ ಹಿಡಿದ ಮೊದಲ ದಿನದಿಂದ ಅವನ ಟ್ರಿಂಗ್ ಟ್ರಿಂಗೂ ಅವಳ ಟಕಟಕವೂ ಒಟ್ಟಿಗೇ ಬೆಳೆದವು.

ಈ ಗದ್ದಲದಲ್ಲಿ ಕಲೆ ಹೇಗೆ ಬೆಳೆಯಬೇಕು ಎಂದು ಅವನು ಆಗಾಗ ಗೊಣಗುತ್ತಿದ್ದ. ನಿನ್ನ ಗದ್ದಲದಲ್ಲಿ ನನ್ನ ದಿಂಬಿನ ಕವರುಗಳು ಹುಟ್ಟುತ್ತಿಲ್ಲವೇ ಎಂದು ಅಕ್ಕ ಕೇಳುತ್ತಿದ್ದಳು.

ಬ್ಯಾಂಡಿಗೆ ಜನ ಬೇಕೆಂದು ಪುಟ್ಟ ಒಂದು ಪ್ರಕಟಣೆ ಬರೆದು ತನ್ನ ಅಂಗಡಿಯಲ್ಲೇ ಅಂಟಿಸಿದ. ಎಲ್ಲಿ? ಕಣ್ಣು ಪರೀಕ್ಷೆಯ ಫಲಕದ ಕೆಳಗೆ, ಅದರ ಕೊನೆಯ ಸಾಲಿಗಿಂತಲೂ ಸಣ್ಣ ಅಕ್ಷರದಲ್ಲಿ. ಕಲಾವಿದರ ದೃಷ್ಟಿ ಹರಿತವಾಗಿರಬೇಕೆಂಬ ಕಾರಣಕ್ಕೆ ಹಾಗೆ ಮಾಡಿದನಂತೆ. ಆದರೆ ಆ ಕುರ್ಚಿಯಲ್ಲಿ ಬಂದು ಕೂರುವವರೆಲ್ಲ ಮೊದಲ ಸಾಲಿಗೇ ತಡವರಿಸುವವರು. ಕೊನೆಗೆ ಅದನ್ನು ಓದಿದ್ದು, ಅಮ್ಮಂದಿರಿಗೆ ಕನ್ನಡಕ ಕೊಡಿಸಲು ಜೊತೆಗೆ ಬಂದಿದ್ದ ಇಬ್ಬರು ಮಾತ್ರ.

ಒಬ್ಬ ಪಾರ್ಸೆಲ್ ಆಫೀಸಿನವನು. ಹಗಲಿಡೀ ಪಾರ್ಸೆಲ್ಲುಗಳ ಮೇಲೆ ಧಪ್ ಧಪ್ ಎಂದು ಸೀಲು ಹೊಡೆದು ಹೊಡೆದು ಅವನಿಗೆ ಸೀಲು ಎಂದೇ ಹೆಸರಾಗಿತ್ತು. ಸ್ವಂತ ಡ್ರಮ್ ಇತ್ತು, ಸಿಟ್ಟೂ ಇತ್ತು. ಇನ್ನೊಬ್ಬಳು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ ಎಲ್ಲಿ ನಿಂತಿದೆ ಎಂದು ಹೇಳುವ ಹುಡುಗಿ. ಅವಳಿಗೆ ಪುಟ್ಟ ಅನೌನ್ಸರ್ ಎಂದು ಬಿರುದು ಕೊಟ್ಟ. ಕಂಠ ಗಂಟೆಯಂತಿತ್ತು. ಹಾಡಿನ ಪ್ರತಿ ಸಾಲನ್ನೂ ಎರಡೆರಡು ಸಲ, ಸ್ಪಷ್ಟವಾಗಿ, ನಡುವೆ ಬಿಡುವು ಕೊಟ್ಟು ಹಾಡುವುದೊಂದೇ ಅವಳ ದೋಷ. ವಿರಹದ ಹಾಡು ಹಾಡಿದರೂ ಕೇಳಿದವರಿಗೆ ಸಾಮಾನು ಎತ್ತಿಕೊಂಡು ಓಡಬೇಕು ಅನ್ನಿಸುತ್ತಿತ್ತು.

ಅನೌನ್ಸರ್ ಕಡೆಯಿಂದಲೇ ಮೊದಲ ಅವಕಾಶವೂ ಬಂತು. ಬಸ್ ನಿಲ್ದಾಣದ ನೌಕರರ ವಾರ್ಷಿಕ ಕೂಟದಲ್ಲಿ ಒಂದು ಸಂಗೀತ ಕಾರ್ಯಕ್ರಮ. ಪುಟ್ಟನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವತ್ತಿಂದಲೇ ಪಾರ್ಸೆಲ್ ಆಫೀಸಿನ ಗೋದಾಮಿನಲ್ಲಿ ಅಭ್ಯಾಸ ಶುರುವಾಯಿತು.

ಅಲ್ಲೇ ಎಡವಟ್ಟು ಹೊರಬಿದ್ದದ್ದು. ಪುಟ್ಟನೇ ಕಟ್ಟಿದ, ಬೆಂಕಿ, ಬಿರುಗಾಳಿ, ಸಿಡಿಲು ಮೂರೂ ಇರುವ ಹಾಡು ಚೆನ್ನಾಗಿಯೇ ಎದ್ದಿತು. ಸ್ವಲ್ಪ ದೂರ ಓಡಿತು. ಆಮೇಲೆ ಅವನ ಗಿಟಾರ್ ಇದ್ದಕ್ಕಿದ್ದಂತೆ ನಿಂತು, ಒಂದು ಉಸಿರೆಳೆದುಕೊಂಡು, ಮತ್ತೆ ಹೊರಟಿತು. ಸೀಲು ಡ್ರಮ್ ಬಾರಿಸುತ್ತ ಎಷ್ಟೋ ಮುಂದೆ ಹೋಗಿಬಿಟ್ಟಿದ್ದ. ಇನ್ನೊಮ್ಮೆ ನುಡಿಸಿದರು. ಮತ್ತೆ ಓಟ, ಮತ್ತೆ ನಿಲುಗಡೆ. ತನ್ನ ಬಸ್ಸುಗಳೇ ಇಷ್ಟೊಂದು ಕಡೆ ನಿಲ್ಲುವುದಿಲ್ಲ ಎಂದಳು ಅನೌನ್ಸರ್.

ತಾಳ ತಪ್ಪುತ್ತಿರುವುದು ಡ್ರಮ್ಮಿನದು ಎಂದು ಪುಟ್ಟ ತೀರ್ಪು ಕೊಟ್ಟ. ಸೀಲುವಿನ ಮುಖ ಕೆಂಪೇರಿತು.

"ನಾನು ದಿನಾ ರಾಶಿ ರಾಶಿ ಪಾರ್ಸೆಲ್ ಮೇಲೆ ಸೀಲು ಹೊಡೀತೀನಿ," ಎಂದ. "ಇವತ್ತಿನವರೆಗೂ ಒಂದು ಪಾರ್ಸೆಲ್ಲೂ ತಾಳ ತಪ್ಪಿತು ಅಂತ ದೂರು ಕೊಟ್ಟಿಲ್ಲ."

ಮಾತಿಗೆ ಮಾತು ಬೆಳೆಯಿತು. ತನ್ನ ಚಿಕ್ಕಪ್ಪನ ಮಗನೂ ಗಿಟಾರ್ ನುಡಿಸುತ್ತಾನೆ, ನೆಟ್ಟಗೆ ನುಡಿಸುತ್ತಾನೆ, ಬೇಕಾದರೆ ನಾಳೆಯೇ ಬರುತ್ತಾನೆ ಎಂದು ಸೀಲು ಹೇಳಿಯೇಬಿಟ್ಟ. ಪುಟ್ಟ ಗಿಟಾರನ್ನು ಎದೆಗೆ ಅವುಚಿಕೊಂಡ. ತಾನು ಕಟ್ಟಿದ ಬ್ಯಾಂಡಿನಿಂದ ತನಗೇ ಗೇಟ್‌ಪಾಸ್! ಕೂಟಕ್ಕೆ ಉಳಿದದ್ದು ಒಂದೇ ವಾರ. ತಾಳ ತನ್ನ ರಕ್ತದಲ್ಲೇ ಇದೆ, ಮನೆಯಲ್ಲಿ ತಾನು ಒಮ್ಮೆಯೂ ತಪ್ಪಿಲ್ಲ, ಪುರಾವೆ ಸಮೇತ ತೋರಿಸುತ್ತೇನೆ ಎಂದು ಸವಾಲು ಹಾಕಿ ಅವನು ಮನೆಗೆ ಬಂದ.

ಅವತ್ತು ಸಂಜೆ ಹಜಾರದಲ್ಲಿ ಕೂತು ಅದೇ ಹಾಡನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ. ಕೇಳಿ ನೋಡಿದರೆ ಏನು ಬಿಗಿ, ಏನು ಹಿಡಿತ! ಒಂದು ಎಳೆ ಆಚೀಚೆ ಇಲ್ಲ. ಕೂಡಲೇ ಇಬ್ಬರಿಗೂ ಕಳಿಸಿ, ಕ್ಷಮಾಪಣೆಗಾಗಿ ಕಾಯುತ್ತ ಕೂತ.

ಕ್ಷಮಾಪಣೆ ಬರಲಿಲ್ಲ. ಮಾರನೆಯ ದಿನ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಸೀಲು, ಅವನ ಹಿಂದೆ ಕುತೂಹಲದಿಂದ ಇಣುಕುತ್ತಿದ್ದ ಅನೌನ್ಸರ್.

"ಯಾರವನು?" ಎಂದು ಕೇಳಿದ ಸೀಲು.

"ಯಾರು?"

"ನಾಟಕ ಬೇಡ. ರೆಕಾರ್ಡಿಂಗ್‌ನಲ್ಲಿ ಹಿಂದೆ ತಾಳ ಹಾಕ್ತಾ ಇದ್ದಾನಲ್ಲ, ಅವನು. ನನ್ನ ಬೆನ್ನ ಹಿಂದೆ ಇನ್ನೊಬ್ಬ ಡ್ರಮ್ಮರ್‌ನ ಇಟ್ಕೊಂಡಿದ್ದೀಯ. ಮುಖಕ್ಕೆ ಮುಖ ಕೊಟ್ಟು ಹೇಳಿದ್ರೆ ನಾನೇ ಬಿಟ್ಟು ಹೋಗ್ತಿದ್ದೆ."

ಸೀಲುವಿನ ಧ್ವನಿ ಒಡೆದಿತ್ತು. ಪುಟ್ಟ ಆಣೆ ಇಟ್ಟ, ಪ್ರಮಾಣ ಮಾಡಿದ. ಸೀಲು ನಂಬದೆ ಒಳಗೆ ನುಗ್ಗಿ ಬಾಗಿಲ ಹಿಂದೆ ನೋಡಿದ, ಪರದೆಗಳ ರಾಶಿ ಎತ್ತಿ ನೋಡಿದ. ಇದಾವುದಕ್ಕೂ ತಲೆ ಕೆಡಿಸಿಕೊಳ್ಳದೆ ಅಕ್ಕ ಮೆಷಿನ್ ತುಳಿಯುತ್ತಲೇ ಇದ್ದಳು. ಟಕಟಕಟಕಟಕ. ಹುಡುಕುತ್ತಿದ್ದ ಸೀಲು ನಿಂತಲ್ಲೇ ನಿಂತ. ನಿಧಾನಕ್ಕೆ ತಿರುಗಿ ಮೆಷಿನ್ನಿನ ಕಡೆ ನೋಡಿದ. ಆಮೇಲೆ ಪುಟ್ಟನ ಕೈಗೆ ಗಿಟಾರ್ ಕೊಟ್ಟು, ನುಡಿಸು ಎಂದ.

ಪುಟ್ಟ ನುಡಿಸಿದ. ಅಕ್ಕ ದಿಂಬಿನ ಕವರು ಹೊಲಿಯುತ್ತಿದ್ದಳು. ಒಂದು ಬದಿ ಸರಾಗವಾಗಿ ಹೋಯಿತು, ಗಿಟಾರೂ ಸರಾಗವಾಗಿ ಹೋಯಿತು. ಮೂಲೆ ಬಂತು. ಅಕ್ಕ ಕಾಲು ನಿಲ್ಲಿಸಿ, ಬಟ್ಟೆ ತಿರುಗಿಸಿ, ಮತ್ತೆ ತುಳಿದಳು. ಗಿಟಾರ್ ನಿಂತು, ಉಸಿರೆಳೆದುಕೊಂಡು, ಮತ್ತೆ ಹೊರಟಿತು. ಎರಡನೆಯ ಮೂಲೆಯಲ್ಲೂ ಅದೇ ಕಥೆ. ಮೂರನೆಯ ಮೂಲೆಗೆ ಬರುವಷ್ಟರಲ್ಲಿ ಅನೌನ್ಸರ್ ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಗೆ ಒರಗಿದ್ದಳು. ದಾರ ತುಂಡರಿಸಲು ಅಕ್ಕ ಕತ್ತರಿ ಹುಡುಕತೊಡಗಿದಾಗ, ಪುಟ್ಟ ಗಾಳಿಯಲ್ಲಿ ಕೈ ಎತ್ತಿ ಹಿಡಿದು, ತನಗೇ ಗೊತ್ತಿಲ್ಲದೆ, ಅವಳಿಗೆ ಕತ್ತರಿ ಸಿಗುವವರೆಗೂ ಕಾದ.

"ಬೆಂಕಿ ಬಿರುಗಾಳಿ ಅಂತ ಹೇಳಿ," ಎಂದಳು ಅನೌನ್ಸರ್ ಕಣ್ಣೊರೆಸಿಕೊಳ್ಳುತ್ತ, "ನಮ್ಮ ಕೈಲಿ ದಿಂಬಿನ ಕವರು ಹಾಡಿಸ್ತಾ ಇದ್ದೆಯಲ್ಲೋ."

ಪುಟ್ಟನಿಗೆ ನಿಜಕ್ಕೂ ಅಳು ಬಂತು. ಇಷ್ಟು ವರ್ಷ ರಕ್ತದಲ್ಲಿದೆ ಎಂದುಕೊಂಡಿದ್ದ ತಾಳ ಅಕ್ಕನ ಪಾದದಲ್ಲಿತ್ತು. ಸೀಲು ಮಾತ್ರ ಬೇರೆ ಡ್ರಮ್ಮರ್ ಇಲ್ಲವೆಂದು ಗೊತ್ತಾಗಿ ಕರಗಿಹೋದ. ಮೊಬೈಲಿನಲ್ಲಿ ತಾಳ ಹಾಕುವ ಆ್ಯಪ್ ಸಿಗುತ್ತದೆ, ಅದರ ಜೊತೆ ಸಾಧನೆ ಮಾಡು ಎಂದು ಬುದ್ಧಿ ಹೇಳಿದ. ಪುಟ್ಟ ಮೂರು ಸಂಜೆ ಮಾಡಿದ. ಆ ಆ್ಯಪ್ ಎಲ್ಲೂ ನಿಲ್ಲುವುದಿಲ್ಲ, ತಿರುಗುವುದಿಲ್ಲ, ಕತ್ತರಿ ಹುಡುಕುವುದಿಲ್ಲ. ಪುಟ್ಟನ ಕೈ ಮೂಲೆಗಾಗಿ ತಡಕಾಡಿ ತಡಕಾಡಿ ಸೋತಿತು. ಯಂತ್ರಕ್ಕೆ ಭಾವನೆಯೇ ಇಲ್ಲ ಎಂದು ಅವನು ಅದನ್ನು ಅಳಿಸಿಹಾಕಿದ.

ಈಗ ಉಳಿದದ್ದು ಎರಡೇ ದಾರಿ. ಒಂದೋ ಚಿಕ್ಕಪ್ಪನ ಮಗ ಬರಬೇಕು, ಇಲ್ಲವೋ ಅಕ್ಕ ಬರಬೇಕು.

ಅಕ್ಕನನ್ನು ಒಪ್ಪಿಸುವುದು ಸುಲಭವಿರಲಿಲ್ಲ. ನಿಮ್ಮ ಕುಣಿತಕ್ಕೆ ನನ್ನ ಕೆಲಸ ಯಾಕೆ ಕೆಡಬೇಕು, ಪರದೆ ಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ ಎಂದು ಅವಳು ಖಡಾಖಂಡಿತವಾಗಿ ಹೇಳಿದಳು. ಹಾಗಾದರೆ ಪರದೆಯನ್ನು ವೇದಿಕೆಯ ಮೇಲೇ ಹೊಲಿ ಎಂದು ಸೀಲು ಸೂಚಿಸಿದ. ಪರದೆಗೆ ಉದ್ದನೆಯ ಹೊಲಿಗೆ, ಮೂಲೆ ಕಡಿಮೆ, ರಾಕ್ ಸಂಗೀತಕ್ಕೆ ಹೇಳಿ ಮಾಡಿಸಿದ್ದು. ಅಕ್ಕ ಯೋಚಿಸಿ ಒಪ್ಪಿದಳು. ಹೀಗೆ ಕಾರ್ಯಕ್ರಮದ ಪಟ್ಟಿ ಸಿದ್ಧವಾಯಿತು. ಮೊದಲ ಹಾಡಿಗೆ ದಿಂಬಿನ ಕವರು. ಮೂಲೆ ಬಂದಲ್ಲೆಲ್ಲ ಅನೌನ್ಸರ್ ತನ್ನ ಸಾಲನ್ನು ಎರಡನೆಯ ಸಲ ಹಾಡುತ್ತಾಳೆ. ಕೊನೆಯ ಹಾಡಿಗೆ ಪರದೆ.

ಪುಟ್ಟನದು ಒಂದೇ ಷರತ್ತು. ಮೆಷಿನ್ ಯಾರ ಕಣ್ಣಿಗೂ ಬೀಳಬಾರದು. ರಾಕ್ ನಾಯಕನಿಗೆ ಅವನ ಅಕ್ಕ ತಾಳ ಹಾಕುತ್ತಾಳೆಂದು ತಿಳಿದರೆ ಮಾನ ಉಳಿಯುತ್ತದೆಯೇ? ಕೂಟದ ದಿನ ಆ ಕಬ್ಬಿಣದ ಮೆಷಿನ್ನನ್ನು ಅವನೊಬ್ಬನೇ ಏದುಸಿರು ಬಿಡುತ್ತ ಹೊತ್ತು ತಂದು, ವೇದಿಕೆಯ ಪಕ್ಕದ ಪರದೆಯ ಹಿಂದೆ ಇಟ್ಟ. ಡ್ರಮ್ಮಿನ ಅಬ್ಬರದಲ್ಲಿ ಟಕಟಕ ಕೇಳಿಸಲೆಂದು ಅನೌನ್ಸರ್ ಅದರ ಪಕ್ಕದಲ್ಲಿ ಒಂದು ಮೈಕ್ ಇಟ್ಟಳು.

ಮೊದಲ ಹಾಡು ಗೆದ್ದಿತು. ಡ್ರೈವರು, ಕಂಡಕ್ಟರು, ಅವರ ಸಂಸಾರಗಳು ಎಲ್ಲರೂ ಚಪ್ಪಾಳೆ ತಟ್ಟಿದರು. ಪುಟ್ಟನ ಎದೆ ಉಬ್ಬಿತು. ಕೊನೆಯ ಹಾಡಿಗೆ ಬಂದಾಗಲಂತೂ ಅವನು ಅವನಾಗಿರಲಿಲ್ಲ. ಕೂದಲು ಕೆದರಿ, ಕಾಲಗಲಿಸಿ, ಕಣ್ಣು ಮುಚ್ಚಿ, ಒಬ್ಬನೇ ನುಡಿಸುವ ಭಾಗಕ್ಕೆ ನುಗ್ಗಿದ. ಸೀಲು ಡ್ರಮ್ ನಿಲ್ಲಿಸಿದ. ಇಡೀ ಸಭೆ ಉಸಿರು ಬಿಗಿಹಿಡಿದು ಕೂತಿತು.

ಮೆಷಿನ್ ನಿಂತಿತು. ಪುಟ್ಟನ ಕೈಯೂ ನಿಂತಿತು.

ಅವನು ಕೈ ಎತ್ತಿ ಹಿಡಿದು ಕಾದ. ಜನ ಇದೇನೋ ಭಾರೀ ಕಲೆಯಿರಬೇಕೆಂದು ಕಾದರು. ಆಗ ಧ್ವನಿವರ್ಧಕಗಳಿಂದ, ಸಭಾಂಗಣದ ಮೂಲೆಮೂಲೆಗೂ, ಅಕ್ಕನ ಧ್ವನಿ ಕೇಳಿಸಿತು.

"ಪುಟ್ಟಾ, ಬಾಬಿನ್‌ನಲ್ಲಿ ದಾರ ಖಾಲಿ ಕಣೋ. ಸುತ್ಕೊಂಡು ಬಿಡ್ತೀನಿ, ಅಲ್ಲೇ ನಿಂತಿರು."

ಸಭೆ ಘೊಳ್ಳೆಂದಿತು. ಪುಟ್ಟನಿಗೆ ವೇದಿಕೆ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಯಾರೋ ಪುಣ್ಯಾತ್ಮ ಎದ್ದುಬಂದು ಪಕ್ಕದ ಪರದೆಯನ್ನು ಸರ್ರನೆ ಎಳೆದೇಬಿಟ್ಟ. ಅಲ್ಲಿ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಬಾಬಿನ್ ಸಿಕ್ಕಿಸಿಕೊಂಡು, ಅಕ್ಕ ತುಳಿಯಲು ಶುರುಮಾಡಿದ್ದಳು. ಆ ಪುಟಾಣಿ ಉರುಳೆಗೆ ದಾರ ಸುತ್ತುವಾಗ ಬಟ್ಟೆ ಇರುವುದಿಲ್ಲ, ತಡೆ ಇರುವುದಿಲ್ಲ. ಎಷ್ಟು ಬೇಕಾದರೂ ಜೋರಾಗಿ ತುಳಿಯಬಹುದು. ನೂರಾರು ಜನರನ್ನು ಕಾಯಿಸುತ್ತಿದ್ದೇನೆಂಬ ಗಾಬರಿಯಲ್ಲಿ ಅವಳು ಶಕ್ತಿ ಮೀರಿ ತುಳಿದಳು. ಟರ್ರ್ರ್ರ್ರ್!

ಪುಟ್ಟನ ಕೈ ಏನು ಮಾಡೀತು ಪಾಪ? ಅದಕ್ಕೆ ಗೊತ್ತಿದ್ದದ್ದು ಒಂದೇ ವಿದ್ಯೆ. ಬೆರಳುಗಳು ತಂತಿಗಳ ಮೇಲೆ ಹುಚ್ಚೆದ್ದು ಹಾರಿದವು. ಅಂಥ ವೇಗದಲ್ಲಿ ಅವನು ಕನಸಿನಲ್ಲೂ ನುಡಿಸಿರಲಿಲ್ಲ. ಬೇಡವೆಂದರೂ ಕೈ ಕೇಳುತ್ತಿರಲಿಲ್ಲ. ಸೀಲು ತಡೆಯಲಾರದೆ ಡ್ರಮ್ಮಿಗೆ ಬಿದ್ದ, ಅನೌನ್ಸರ್ ಒಂದೇ ಸಾಲನ್ನು ಹತ್ತಾರು ಸಲ ಕೂಗಿದಳು, ಜನ ಕುರ್ಚಿ ಬಿಟ್ಟು ಎದ್ದು ಶಿಳ್ಳೆ ಹೊಡೆದರು. ಬಾಬಿನ್ ತುಂಬಿತು. ಅಕ್ಕ ಕಾಲೆತ್ತಿದಳು. ಹಾಡು ಮುಗಿಯಿತು.

ಪುಟ್ಟ ಬೆವರು ಒರೆಸಿಕೊಂಡು, ಅಂಗಿ ಸರಿಮಾಡಿಕೊಂಡು, ವೇದಿಕೆಯ ಮೆಟ್ಟಿಲ ಬಳಿ ಕೈಕುಲುಕಲು ಅನುಕೂಲವಾಗುವಂತೆ ನಿಂತ. ಆದದ್ದು ಹೇಗಾದರೂ ಆಗಲಿ, ನುಡಿಸಿದ್ದು ಅವನ ಕೈಯೇ ತಾನೆ? ಕೂಟದ ಕಾರ್ಯದರ್ಶಿಗಳು ನಗುನಗುತ್ತ ಬಂದರು. ಬಂದವರು ಅವನನ್ನು ದಾಟಿಕೊಂಡು ನೇರ ಅಕ್ಕನ ಹತ್ತಿರ ಹೋದರು. ಮುಂದಿನ ತಿಂಗಳು ಡಿಪೋದಲ್ಲೂ ಒಂದು ಕಾರ್ಯಕ್ರಮವಿದೆ, ಮೇಡಂ ತಪ್ಪದೆ ಬಂದು ನುಡಿಸಬೇಕು ಎಂದು ಕೈಮುಗಿದರು. ದಾರ ಕತ್ತರಿಸುತ್ತ ಅಕ್ಕ, ಬರಬಹುದು, ಆದರೆ ತಮ್ಮನನ್ನೂ ಕರೆದುಕೊಂಡು ಬರಬೇಕಾಗುತ್ತದಲ್ಲ ಎಂದಳು.

ಕಾರ್ಯದರ್ಶಿಗಳು ಪುಟ್ಟನನ್ನು ಅಡಿಯಿಂದ ಮುಡಿಯವರೆಗೆ ನೋಡಿ ದನಿ ತಗ್ಗಿಸಿದರು. ಸಾಕಷ್ಟು ತಗ್ಗಿಸಲಿಲ್ಲ.

"ತಪ್ಪು ತಿಳ್ಕೋಬೇಡಿ ಮೇಡಂ. ಅವರು ಬೇಕೇ ಬೇಕಾ?"

ಪುಟ್ಟ ಅಕ್ಕನ ಮುಖವನ್ನೇ ನೋಡಿದ.

"ಬೇಕು," ಎಂದಳು ಅಕ್ಕ, ಒಂದು ಕ್ಷಣವೂ ಯೋಚಿಸದೆ. ಪುಟ್ಟನ ಕಣ್ಣು ತುಂಬಿಬಂತು. ಏನೇ ಆದರೂ ಒಡಹುಟ್ಟಿದವಳು!

"ಮೆಷಿನ್ ಹೊತ್ಕೊಂಡು ಬರೋಕೆ ಒಬ್ಬರು ಬೇಕಲ್ಲ, ಸಾರ್."