ಟಬ್ಬಿನ ದಂಟು, ಮಾವನ ಭೇಷು

ಎಲ್ಲ ಅನಾಹುತಕ್ಕೂ ಕಾರಣ ಮೂರು ದಂಟಿನ ಸಸಿ. ಪಾಂಡವಪುರದ ಬಾಡಿಗೆ ಮನೆಯ ತಾರಸಿಯಲ್ಲಿ ಲೋಕೇಶ ಸಾಲಾಗಿ ಇಟ್ಟಿದ್ದ ಟಬ್ಬುಗಳಲ್ಲಿ ಹುಟ್ಟಿದ್ದೇ ಅಷ್ಟು. ಅವನು ಮೊಬೈಲನ್ನು ಸಸಿಯ ಮೂತಿಗೆ ತಾಗುವಷ್ಟು ಹತ್ತಿರ ಹಿಡಿದು ಫೋಟೊ ತೆಗೆದ. ಪರದೆಯ ಮೇಲೆ ಅದು ಬಂಡೀಪುರದ ಕಾಡಿನಂತೆ ಕಂಡಿತು. ‘ನಮ್ಮ ತಾರಸಿ ತೋಟ’ ಎಂದು ಬರೆದು ಹೆಂಡತಿ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟ.

ಶೀಳನೆರೆಯ ಮಾವ ಚಿಕ್ಕಮಾದಯ್ಯ ಮಣ್ಣಿನಲ್ಲೇ ಬೆಳೆದವರು. ಗುಮಾಸ್ತ ಅಳಿಯನಿಗೆ ಮದುವೆಯಾದಂದಿನಿಂದ ಒಂದು ದಿನವೂ ಸೊಪ್ಪು ಹಾಕಿದವರಲ್ಲ. ಅವರ ಬಾಯಿಂದ ಒಂದೇ ಒಂದು ‘ಭೇಷ್’ ಕೇಳಿ ಸಾಯಬೇಕೆಂಬುದು ಲೋಕೇಶನ ಆಸೆ. ಬಂದದ್ದು ಭೇಷಲ್ಲ, ಫೋನು.

“ಭಾನ್ವಾರ ನಿಮ್ಮತ್ತೇನೂ ಕರ್ಕಂಡು ಬತ್ತೀನಿ. ಟಬ್ಬಿನ ಸೊಪ್ಪಲ್ಲೇ ಬಸ್ಸಾರಾಗ್ಬೇಕು.”

ಭಾನುವಾರ ಬೆಳಿಗ್ಗೆ ಲೋಕೇಶ ಮಾರ್ಕೆಟ್ಟಿಗೆ ಓಡಿ, ಬೇರು ಸಮೇತ ಮಾರುವ ದಂಟಿನ ಕಟ್ಟುಗಳನ್ನು ಚೀಲ ತುಂಬ ತಂದ. ಹೆಂಡತಿ ಪ್ರಮೀಳಾ ಬಾಗಿಲಲ್ಲೇ ತಡೆದಳು.

“ಏನ್ರೀ ಇದು?”

“ಕೃಷಿ.”

“ನಮ್ಮಪ್ಪಂಗೆ ಗೊತ್ತಾದ್ರೆ?”

“ನನ್ನೂ ಒಂದು ಟಬ್ಬಲ್ಲಿ ನೆಟ್ಬುಡು. ಎಂಗೂ ನಾನೂ ಮೊಳೆಯಲ್ಲ.”

ನೆಟ್ಟದ್ದೇನೋ ಆಯಿತು. ಬಿಸಿಲೇರುತ್ತಿದ್ದಂತೆ ದಂಟೆಲ್ಲ ಬೀಗರೂಟ ಮುಗಿಸಿದ ನೆಂಟರಂತೆ ಒಂದರ ಮೇಲೊಂದು ಒರಗಿದವು. ಲೋಕೇಶ ಒಂದು ಟಬ್ಬಿಗೆ ಛತ್ರಿ ಹಿಡಿದು, ಇನ್ನೊಂದಕ್ಕೆ ಬೀಸಣಿಗೆ ಬೀಸತೊಡಗಿದ. ಬಟ್ಟೆ ಒಣಹಾಕಲು ಕೆಳಗಿನ ಮನೆಯಿಂದ ಬಂದ ಮನೆಯೊಡತಿ ಮಂಗಳಮ್ಮ ಬಕೆಟ್ಟು ಕೆಳಗಿಟ್ಟರು.

“ಅಯ್ಯೋ, ನಿನ್ ಮಗೀಗೂ ಇಂಗೆ ಬೀಸ್ಲಿಲ್ವಲ್ಲಪ್ಪ! ತಡಿ, ದಬ್ಬೆ ಕಟ್ತೀನಿ.”

ಬೇಡ ಎನ್ನುವಷ್ಟರಲ್ಲಿ ಪೊರಕೆ ಬಿಚ್ಚಿ ಕಡ್ಡಿ ಚುಚ್ಚಿ, ಹಳೇ ಸೀರೆಯ ಅಂಚು ಹರಿದು ಗಿಡಗಳಿಗೆಲ್ಲ ಕಟ್ಟಿದರು. ತೋಟ ಈಗ ಮೂಳೆ ಮುರಿದವರ ವಾರ್ಡಿನಂತಾಯಿತು.

“ನಿಮ್ಮಾವ ನೋಡಿದ್ರೆ ಏನಂದಾರು?”

ಲೋಕೇಶ ಹೊಟ್ಟೆ ಮುಂದೆ ತಳ್ಳಿ, ಮಾವನಂತೆಯೇ ಕೆಮ್ಮಿ, “ಪೆನ್ನಿಡಿಯೋ ಕೈಗೆ ಮಣ್ಣಿಡಿಯಾಕಾದದಾ ಅಳೀಮಯ್ಯ?” ಎಂದ.

ಮಂಗಳಮ್ಮ ನಗಲಿಲ್ಲ. ಲೋಕೇಶನ ಬೆನ್ನ ಹಿಂದೆ ಅದೇ ಕೆಮ್ಮು ಕೇಳಿತು, ಅಸಲಿಯದು.

“ಆದದಾ ಇಲ್ವಾ ನೋಡವ, ಜರುಗು” ಎಂದರು ಮಾವ.

ಮಂಡಿನೋವಿನ ಅತ್ತೆ ದೊಡ್ಡತಾಯಮ್ಮ ಇನ್ನೂ ಕೆಳಗಿನ ಮೆಟ್ಟಿಲಲ್ಲಿದ್ದರು. ಅವರಿಗೆ ಕೈ ಕೊಡಲು ಮಂಗಳಮ್ಮ ಇಳಿದುಹೋದರು. ಮಾವ ಬಗ್ಗಿ ಒಂದು ದಂಟು ಹಿಡಿದೆಳೆದರು. ಬಂದದ್ದು ಒಂದಲ್ಲ, ಇಡೀ ಕಟ್ಟು. ಅವಸರದಲ್ಲಿ ಲೋಕೇಶ ಬಾಳೆನಾರನ್ನೂ ಬಿಚ್ಚದೆ ಹೂತಿದ್ದ.

“ಭೂಮ್ತಾಯಿ ಕಟ್ ಕಟ್ಟೇ ಕೊಡ್ತಾವ್ಳಲ್ಲಪ್ಪ ನಿಂಗೆ!”

ಲೋಕೇಶ ತಾರಸಿಯ ಗೋಡೆ ನೋಡಿದ. ಹಾರಿದರೆ ಸಾಯುವಷ್ಟು ಎತ್ತರವಿರಲಿಲ್ಲ, ಕಾಲು ಮುರಿಯುವಷ್ಟಿತ್ತು. ಆಮೇಲೆ ಮಂಗಳಮ್ಮನ ದಬ್ಬೆಯೇ ಗತಿ.

ಅಷ್ಟರಲ್ಲಿ ಮೆಟ್ಟಿಲ ಕೊನೆಯಲ್ಲಿ ಅತ್ತೆಯ ತಲೆ ಕಂಡಿತು. ಮಾವ ಸರಕ್ಕನೆ ನಾರು ಕಿತ್ತು ಜೇಬಿಗೆ ತುರುಕಿ, ದಂಟನ್ನು ಎತ್ತಿ ಹಿಡಿದು ಬೀದಿಗೆಲ್ಲ ಕೇಳುವಂತೆ ಕೂಗಿದರು.

“ಭೇಷ್ ಅಳೀಮಯ್ಯ, ಭೇಷ್! ನೋಡಮ್ಮಿ, ನಮ್ಮೊಲ್ದಲ್ಲೂ ಇಂಥ ದಂಟಿಲ್ಲ. ಇನ್ಮೇಲೆ ನಾನ್ ಸೊಪ್ಪು ತರಾಕಿಲ್ಲ. ವಾರ ವಾರ ಇವ್ನೇ ಊರ್ಗೆ ತಂದ್ಕೊಡ್ತಾನೆ.”

“ಬಂಗಾರದಂಥ ಅಳಿಯ!” ಅತ್ತೆ ನೆಟಿಕೆ ಮುರಿದರು. “ನಿಮ್ ಚಿಕ್ಕತ್ತೇರ್ಗೂ ಎಲ್ಡೆಲ್ಡ್ ಕಟ್ಟು ತಂದ್ಬುಡಪ್ಪ.”

“ಕೆಳಗ್ಲ ಮನೇನ ಮರ್ತೀಯ ಮತ್ತೆ!” ಎಂದರು ಮಂಗಳಮ್ಮ.

ಲೋಕೇಶ ಬಿಸಿ ಮುದ್ದೆ ಗಂಟಲಿಗೆ ಸಿಕ್ಕಿಕೊಂಡವನಂತೆ ಕಣ್ಣು ಬಿಟ್ಟ. ಹೆಂಗಸರು ದಂಟು ಕಿತ್ತುಕೊಂಡು ಸಾರು ಮಾಡಲು ಇಳಿದರು.

“ಮಾವ, ನನ್ ಮಾನ ಉಳಿಸಿದ್ರಿ. ಯಾಕೆ?”

ಮಾವ ಮೆಟ್ಟಿಲ ಕಡೆ ಇಣುಕಿ, ದನಿ ಇಳಿಸಿದರು.

“ಹೊಲ್ವೆಲ್ಲ ಕಬ್ಬಾಗೋಗದೆ. ಮಂಡಿನೋವು ಅಂತ ನಿಮ್ಮತ್ತೆ ಆ ಕಡೀಕೆ ಬರಲ್ಲ. ನಮ್ ಬದುವಿನ ಸೊಪ್ಪು ಅಂತ ನಾನೂ ಕೆ.ಆರ್. ಪೇಟೆ ಮಾರ್ಕೆಟ್ಟಿಂದ್ಲೇ ತತ್ತಿದ್ದುದು ಕಣಪ್ಪ. ಹೊತ್ತೂ ಹೊತ್ತೂ ಹೆಗಲೇ ಬಿದ್ದೋಗಿತ್ತು. ಇನ್ ನೀನ್ ಹೊತ್ಕೊ.”