ಶಾಂತಿವನದ ಗಾಳಿ ನಮ್ಮ ನಡುಮನೆಗೆ ನುಗ್ಗಿದ ಬಗ್ಗೆ

ಕಣ್ಣಿಗೆ ಕಟ್ಟುವ ಯಂತ್ರಕ್ಕೆ ಮೂಗನ್ನೂ ಜೋಡಿಸಿ ಲೋಕೋಪಕಾರ ಮಾಡಿರುವ ಕಂಪನಿಯ ಮಾಲೀಕರಾದ ಮಾನ್ಯರೇ,

ಜಾವಾದ ಕ್ಲಾಟೆನ್ ಊರಾಚೆ ಸೋಯಾ ಕಾಳು ಹುದುಗಿಸಿ ತೆಂಪೆ ಮಾಡಿ ಮಾರುವ ಕರ್ಸಿನಾ ಮುದುಕಿಯ ನಮಸ್ಕಾರಗಳು. ತಾವು, ತಮ್ಮ ಮನೆಯವರು ಮತ್ತು ಮುಖ್ಯವಾಗಿ ತಮ್ಮ ಮೂಗು ಕ್ಷೇಮವಾಗಿವೆಯೆಂದು ನಂಬಿದ್ದೇನೆ.

ಮೊದಲು ಹೊಗಳಿಕೆ ಮುಗಿಸಿಬಿಡುತ್ತೇನೆ. ಮೊಬೈಲ್ ರಿಪೇರಿ ಮಾಡುವ ನನ್ನ ಕಿರಿಯ ಮಗ ತುಕಿಜೊ ತಮ್ಮ ಯಂತ್ರವನ್ನು ಮನೆಗೆ ತಂದು, "ಮಾಕ್, ಇದ್ರಲ್ಲಿ ಸಮುದ್ರ ನೋಡಿದ್ರೆ ಉಪ್ಪಿನ ವಾಸ್ನೆ ಬರುತ್ತೆ, ಅಲ್ಲೇ ನಿಂತಂಗೆ ಇರುತ್ತೆ" ಅಂದ. "ಬಸ್ಸು ಹತ್ತಿದ್ರೆ ಸಮುದ್ರವೇ ಸಿಗುತ್ತೆ ಕಣೋ, ವಾಸ್ನೆ ಪುಕ್ಕಟೆ" ಅಂದೆ. ಆದರೂ ತಲೆಗೆ ಕಟ್ಟಿಸಿಕೊಂಡೆ. ತಮ್ಮ ಕಾಡಿನಲ್ಲಿ ಸೊಳ್ಳೆಯಿಲ್ಲ, ತಮ್ಮ ಮೀನುಪೇಟೆಯಲ್ಲಿ ನಿಂಬೆಹಣ್ಣಿನ ಪರಿಮಳ. ದೇವರಿಗೂ ತೋಚದ ಸುಧಾರಣೆಗಳನ್ನು ತಾವು ಮಾಡಿದ್ದೀರಿ.

ಇನ್ನು ದೂರು. ಕಳೆದ ಭಾನುವಾರ ನನ್ನ ಮೊಮ್ಮಗಳು ಲಸ್ತ್ರಿಯನ್ನು ಕೇಳಲು ಬೊಯೊಲಾಲಿಯಿಂದ ಗಂಡಿನವರು ಬಂದಿದ್ದರು. ಜೋಡಿ ಅಂಟಿಕೊಂಡಿರಲೆಂದು ಜಿಗುಟಕ್ಕಿಯ ಸಿಹಿ, ಬಾಳೆಗೊನೆ, ಬಟ್ಟೆ, ಎಲ್ಲ ತಟ್ಟೆಗಳನ್ನೂ ಸಾಲಾಗಿ ಇಟ್ಟರು. ನಮ್ಮಲ್ಲಿ ಹುಡುಗ ಬಾಯಿ ಬಿಡುವಂತಿಲ್ಲ. ಅವನ ದೊಡ್ಡಪ್ಪ ಪಾಕ್ದೆ ಧಾರ್ಮೊ ಹಳೇ ಜಾವಾ ಮಾತಿನಲ್ಲಿ ಹೆಣ್ಣು ಕೇಳಬೇಕು, ನಾನು ಒಪ್ಪಬೇಕು, ಆಗಲೇ ಸಂಬಂಧ. ಮುಸ್ಸಂಜೆ. ಪಾಕ್ದೆ ಗಂಟಲು ಸರಿಮಾಡಿಕೊಂಡರು. ಅದೇ ಹೊತ್ತಿಗೆ ಪ್ಲೈವುಡ್ ಗೋಡೆಯ ಹಿಂದೆ ನನ್ನ ಸುಪುತ್ರ ಯಂತ್ರ ಕಟ್ಟಿಕೊಂಡು ಅದರಲ್ಲಿನ ತಮ್ಮ 'ಶಾಂತಿವನ'ದೊಳಕ್ಕೆ ಕಾಲಿಟ್ಟ. ನಡುಮನೆಯ ತುಂಬ ದೇವಕಣಗಿಲೆ ಹೂವಿನ ವಾಸನೆ ಹಬ್ಬಿತು.

ಮಾನ್ಯರೇ, ಬಾಲಿಯ ಹೋಟೆಲಿನಲ್ಲಿ ಎಣ್ಣೆ ತಿಕ್ಕಿಸಿಕೊಳ್ಳುವಾಗ ತಮ್ಮ ಕಿವಿಗೆ ಆ ಹೂವನ್ನು ಯಾರಾದರೂ ಸಿಕ್ಕಿಸಿರಬಹುದು, ಶಾಂತಿ ಎಂದರೆ ಇದೇ ಎಂದು ತಮಗೆ ತೋರಿರಬಹುದು. ನಮ್ಮಲ್ಲಿ ಅದು ಅರಳುವುದು ಗೋರಿಗಳ ನಡುವೆ. ಗಿಡವಿಲ್ಲದ ಮನೆಯಲ್ಲಿ ಸಂಜೆ ಹೊತ್ತು ಅದರ ವಾಸನೆ ಬಂತೆಂದರೆ ಬಂದವಳು ಯಾರೆಂದು ಮಕ್ಕಳಿಗೂ ಗೊತ್ತು. ಅವಳ ಹೆಸರು ಬರೆಯುವುದಿಲ್ಲ. ಬಿಳಿಯುಡುಗೆ, ಬಿಚ್ಚಿದ ಕೂದಲು, ಅಷ್ಟು ಸಾಕು. ಆಗ ಬಾಯಿ ಬಿಗಿಹಿಡಿದು ಕೂರಬೇಕು. ಯಾರು ಮೊದಲು ಮಾತಾಡುತ್ತಾರೋ ಅವಳು ಅವರ ಬೆನ್ನು ಹಿಡಿಯುತ್ತಾಳೆ.

ಪಾಕ್ದೆ ಬಾಯಿ ಮುಚ್ಚಿದರು. ಗಂಡಿನವರೆಲ್ಲ ಮುಚ್ಚಿದರು. ಇಡೀ ಕೇರಿಗೆ ಬಾಯಿಬಡುಕಿಯಾದ ನಾನೂ ಮುಚ್ಚಿದೆ. ಚಹಾ ತಣ್ಣಗಾಯಿತು. ಅಷ್ಟರಲ್ಲಿ ಗೋಡೆಯ ಹಿಂದಿನಿಂದ ತಮ್ಮ ಯಂತ್ರ ಹೆಣ್ಣುದನಿಯಲ್ಲಿ, ಎಷ್ಟು ಮೆಲ್ಲಗೆ, ಎಷ್ಟು ಅಕ್ಕರೆಯಿಂದ ನುಡಿಯಿತು: "ಉಸಿರೆಳೆದುಕೊಳ್ಳಿ... ನಾನು ನಿಮ್ಮ ಹಿಂದೆಯೇ ಇದ್ದೇನೆ."

ಆ ವಯಸ್ಸಿನಲ್ಲಿ ಪಾಕ್ದೆ ಹಾಗೆ ಓಡಬಲ್ಲರೆಂದು ಅವರ ಹೆಂಡತಿಗೂ ಗೊತ್ತಿರಲಿಲ್ಲ. ಹೆಣ್ಣು ಕೇಳುವ ಮಾತೇ ಆಡದ ಮೇಲೆ ತಟ್ಟೆಗಳೂ ಹಿಂದಿರುಗಿದವು. ಜಿಗುಟಕ್ಕಿ ಮಾತ್ರ ಗಾಬರಿಯಲ್ಲಿ ಯಾರದೋ ಸರೋಂಗಿಗೆ ಅಂಟಿಕೊಂಡು ಹೋಯಿತು.

ಮರುದಿನ ತಮ್ಮ ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. ಹುಡುಗಿ ಬಹಳ ವಿನಯವಂತೆ. "ಈಬು, ನಮ್ ವಾಸ್ನೆ ಹಾಕ್ಕೊಂಡೋರ ಮೂಗಿಗೆ ಮಾತ್ರ. ಒಂದು ಗೇಣು ಆಚೆಗೆ ಹೋಗಲ್ಲ. ಹೊರಗೆ ಬಂದಿದ್ರೆ ಅದು ನಮ್ದಲ್ಲ."

"ಹಾಗಾದ್ರೆ ಯಾರದ್ದಮ್ಮಾ, ಮುಸ್ಸಂಜೇಲಿ ಆ ಹೂವಿನ ವಾಸ್ನೆ?"

ಹುಡುಗಿ ದನಿ ತಗ್ಗಿಸಿ, "ಈಬು, ನಾನೂ ನಿಮ್ಮೂರ ಹತ್ರದ ಸೋಲೋ ಕಡೆಯವಳೇ, ದಯವಿಟ್ಟು ಇನ್ನೇನೂ ಹೇಳ್ಬೇಡಿ" ಎಂದು ಫೋನ್ ಇಟ್ಟಳು.

ನನ್ನ ಕಷ್ಟ ಈಗ ತಮಗೆ ತಿಳಿಯಬೇಕು. ಅದು ಯಂತ್ರದ ವಾಸನೆ ಎಂದು ಪಾಕ್ದೆಗೆ ಹೇಳಿಕಳಿಸಿದರೆ, ಅವರು ತಮ್ಮ ಜಾಹೀರಾತನ್ನೇ ಓದಿಸಿ, "ಹೊರಗೆ ಸೋರಲ್ಲ ಅಂತ ಕಂಪ್ನಿಯೋರೇ ಹೇಳ್ತಾರಲ್ಲ, ನಿಮ್ಮನೇಲಿರೋಳು ಸೊಸೆ ಹಿಂದೆ ನಮ್ಮನೆಗೂ ಬಂದ್ರೆ ಏನ್ ಗತಿ?" ಎನ್ನುತ್ತಾರೆ. ತಮ್ಮ ಮಾತು ಸತ್ಯವಾದರೆ ನನ್ನ ಮನೆಯಲ್ಲಿ ದೆವ್ವ. ನನ್ನ ಮಾತು ಸತ್ಯವಾದರೆ ತಮ್ಮ ಯಂತ್ರ ಬಿದಿರು ಬುಟ್ಟಿ. ಲಸ್ತ್ರಿ ಮಾತ್ರ ಅನ್ನ ಬಿಟ್ಟು ಕೂತಿದ್ದಾಳೆ. "ಉತಿ, ಆ ಕನ್ನಡಕ ನಾನೇನು ಹಾಕ್ಕೊಂಡಿದ್ನಾ?" ಎಂದು ಅಜ್ಜಿಯಾದ ನನ್ನನ್ನೇ ಕೇಳುತ್ತಾಳೆ.

ಆದ್ದರಿಂದ ಯಂತ್ರ ಸೋರುತ್ತದೆ ಎಂದು ಸಹಿ ಹಾಕಿ ಬರೆದುಕೊಡಬೇಕಾಗಿ ವಿನಂತಿ. ಮರ್ಯಾದೆಗೆ ಕುಂದೆನಿಸಿದರೆ, ಅವಳು ತಮ್ಮ ಕಂಪನಿಯ ಸಂಬಳದವಳು, ಕೆಲಸದ ಮೇಲೆ ಬಂದಿದ್ದಳು ಎಂದಾದರೂ ಬರೆಯಿರಿ. ಅದೂ ಆಗದಿದ್ದರೆ, ಹೆದರಿದ ಮುದುಕರ ಬಾಯಿ ಬಿಡಿಸುವ ವಾಸನೆಯೊಂದನ್ನು ಕಂಡುಹಿಡಿದು ಬೊಯೊಲಾಲಿಗೆ ಕಳಿಸಿಕೊಡಿ. ಮೀನಿಗೇ ನಿಂಬೆಯ ವಾಸನೆ ಕೊಟ್ಟವರಿಗೆ ಇದೇನು ದೊಡ್ಡದಲ್ಲ.

ತಮ್ಮ ಪ್ರಗತಿಯನ್ನು ಮೂಗಿನ ಮೇಲೆ ಬೆರಳಿಟ್ಟು ನೋಡುತ್ತಿರುವ,
ತಮ್ಮ ವಿಶ್ವಾಸಿ,
ಕರ್ಸಿನಾ

ಮರೆತ ಮಾತು: ಇದನ್ನು ಬರೆಯುತ್ತಿರುವಾಗಲೇ ಹುಡುಗ ಒಬ್ಬನೇ ಬೈಕಿನಲ್ಲಿ ಬಂದ. ಎಲ್ಲ ಪದ್ಧತಿಯನ್ನೂ ಮೀರಿ, "ನಿಮ್ಮನೇಲಿ ಯಾರಾದ್ರೂ ಇರ್ಲಿ ಉತಿ, ನಂಗೆ ಲಸ್ತ್ರಿ ಬೇಕು" ಎಂದು ತನ್ನ ಬಾಯಲ್ಲೇ ಕೇಳಿದ. ನಾನು ಒಪ್ಪಿದೆ, ಅವಳು ಉಂಡಳು. ಪಾಕ್ದೆ ಮಾತ್ರ ತಮ್ಮ ಕಂಪನಿಯ ಕಾಗದ ಕಾಣದೆ ಮದುವೆಗೆ ಹೊಸ್ತಿಲು ತುಳಿಯುವುದಿಲ್ಲವಂತೆ. ಹುಡುಗ ಬಾಯಿ ಬಿಟ್ಟಾಯಿತು, ಮಾನ್ಯರೇ. ಇನ್ನು ಬಿಡಬೇಕಾದವರು ತಾವೊಬ್ಬರೇ.